ನಮ್ಮವರಲ್ಲದಿದ್ದರೂ

ಫೆಬ್ರವರಿ 3, ಸೋಮವಾರ

ಪ್ರಿಂಟರ್ ಮತ್ತೆ ಕಾಗದ ಕಚ್ಚಿಕೊಂಡಿತು. ಭಾನುವಾರದ ಹಾಡಿನ ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ. ಎಳೆದರೆ ಹರಿಯುತ್ತದೆ, ಬಿಟ್ಟರೆ ಬಿಸಿಗೆ ಸುರುಟಿಕೊಳ್ಳುತ್ತದೆ. ಮೊಣಕೈವರೆಗೆ ಕಪ್ಪು ಮೆತ್ತಿಕೊಂಡು ಕೂತಿದ್ದಾಗ ಮ್ಯಾನೇಜರ್ ಮೇಡಂ ಬಂದರು. ಸಾಮಾನ್ಯವಾಗಿ ಬರುವುದಿಲ್ಲ, ಇಂಟರ್‌ಕಾಮ್‌ನಲ್ಲೇ ಮುಗಿಸುತ್ತಾರೆ. ಇವತ್ತು ಬಂದರು. ಅದೂ ಬಾಗಿಲು ತಟ್ಟಿ! ನಾನು ಸೇರಿ ಎಂಟು ವರ್ಷವಾಯಿತು, ಈ ಪ್ರಿಂಟಿಂಗ್ ರೂಮಿನ ಬಾಗಿಲನ್ನು ಯಾರೂ ತಟ್ಟಿದ ನೆನಪಿಲ್ಲ.

ಒಂದು ನೋಟಿಸ್ ಟೈಪ್ ಆಗಬೇಕಿತ್ತು. "ನೋಡೋಕೆ ಚೆನ್ನಾಗಿರ್ಲಿ ಕಣಮ್ಮ." ವಿಷಯ — ವೈವಿಧ್ಯ ಮತ್ತು ಒಳಗೊಳ್ಳುವಿಕೆ ತರಬೇತಿ. ಚರ್ಚಿನ ಸಿಬ್ಬಂದಿಗೆಲ್ಲ ಕಡ್ಡಾಯ. ಮೂರು ಗುರುವಾರ, ಊಟವಾದ ಮೇಲೆ, ಹಿಂದಿನ ಹಾಲ್‌ನಲ್ಲಿ. 'ಒಳಗೊಳ್ಳುವಿಕೆ' ಸಾಲಿನಲ್ಲಿ ಕೂರಲೇ ಇಲ್ಲ. ಅಕ್ಷರ ಸಣ್ಣ ಮಾಡಿ ಹೇಗೋ ಒಳಗೆ ತಳ್ಳಿದೆ.

ಹೋಗುತ್ತಾ ಮೇಡಂ ಅಂದದ್ದು — "ನೀನಂತೂ ಬರ್ಲೇಬೇಕು."

ನಾನಂತೂ. ಯಾಕೆ ನಾನಂತೂ?

ಗೊತ್ತಿಲ್ಲದೇನಲ್ಲ. ಈ ಆಫೀಸಿನಲ್ಲಿ ಚರ್ಚಿಗೆ ಸೇರದವಳು ನಾನೊಬ್ಬಳೇ. ಅವರ ಹಾಡು ಟೈಪ್ ಮಾಡುತ್ತೇನೆ, ಹಾಡುವುದಿಲ್ಲ. ಆದರೂ ಇಷ್ಟು ದಿನ ಇಲ್ಲದ ತರಬೇತಿ ಈಗ್ಯಾಕೆ...

ಫೆಬ್ರವರಿ 4, ಮಂಗಳವಾರ

ಬೆಳಗಿನ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚುತ್ತಾರೆ. ನಾನು ಕೈ ಕಟ್ಟಿ ನಿಲ್ಲುತ್ತೇನೆ, ಕಣ್ಣು ತೆರೆದೇ. ಹಾಗಾಗಿ ಇವರೆಲ್ಲರ ಕಣ್ಣು ಮುಚ್ಚಿದ ಮುಖ ನನಗೆ ಬಾಯಿಪಾಠ. ಪಾಸ್ಟರ್ ಹುಬ್ಬು ಗಂಟು ಹಾಕುತ್ತಾರೆ. ವ್ಯಾನ್ ಡ್ರೈವರ್ ನಿಂತಲ್ಲೇ ತೂಕಡಿಸುತ್ತಾನೆ. ಫ್ರಂಟ್ ಡೆಸ್ಕಿನ ಹುಡುಗಿಯ ತುಟಿ ಅಲುಗುತ್ತಲೇ ಇರುತ್ತದೆ — ಫೋನಿನಲ್ಲಿ ಚಿಲಿಪಿಲಿ ಮಾತಾಡುತ್ತಾಳೆಂದು ಎಲ್ಲರೂ ಅವಳಿಗೆ ಗುಬ್ಬಿ ಅನ್ನುವುದು.

ಇವತ್ತು ಆರ್ಗನ್ ಮಾಸ್ಟರ್ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದ ಕೂಡಲೇ ಮುಚ್ಚಿಕೊಂಡರು.

ಆಮೇಲೆ ಮೇಡಂ ಪಕ್ಕಕ್ಕೆ ಕರೆದು, "ಪ್ರಾರ್ಥನೆಗೆ ನಿಲ್ಲೋದು ನಿನಗೇನಾದ್ರೂ ಮುಜುಗರಾನಾ?"

"ಇಲ್ಲ ಮೇಡಂ."

"ಆಗಿದ್ರೆ ಹೇಳ್ಬೇಕು, ಆಯ್ತಾ? ಮನಸ್ಸಲ್ಲಿ ಇಟ್ಕೋಬಾರ್ದು."

ಮುಜುಗರ ಇರಲಿಲ್ಲ. ಈಗ ಶುರುವಾಯಿತು.

ಸಂಜೆ ಮಾವನವರಿಗೆ ಹೇಳಿದೆ. ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಸಾಕ್ಷಿ ಹೇಳುವವರ ಸುಳ್ಳನ್ನೆಲ್ಲ ಟೈಪ್ ಮಾಡಿ ಮಾಡಿ, ಯಾರನ್ನೂ ನಂಬಬಾರದೆಂಬ ತೀರ್ಮಾನಕ್ಕೆ ಬಂದಿದ್ದಾರೆ. ಕನ್ನಡಕ ತೆಗೆದು ಒರೆಸಿಕೊಂಡು, "ಏನೋ ಇದೆಯಮ್ಮ. ಸುಮ್ಸುಮ್ನೆ ಯಾರೂ ಕುರ್ಚಿ ಹಾಕಿ ಕೂರ್ಸಲ್ಲ. ನಿನ್ನ ಬಾಯಿಂದ ಏನೋ ಹೊರಡಿಸ್ಬೇಕು ಅಂತಿದ್ದಾರೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು" ಎಂದರು.

ಇವರಿಗೆ, ನಮ್ಮ ಯಜಮಾನರಿಗೆ, ನಗು. ಲಿಫ್ಟ್ ರಿಪೇರಿ ಮಾಡಿ ಗ್ರೀಸ್ ಕೈಯಲ್ಲಿ ಬಂದವರು, ಸೋಪು ಉಜ್ಜುತ್ತಾ, "ಅಪ್ಪ ಒಬ್ರು ಸಾಕಾಗಿತ್ತು ಮನೇಲಿ. ಈಗ ನೀನೂ ಶುರು ಮಾಡಿದ್ಯಾ?"

ಫೆಬ್ರವರಿ 6, ಗುರುವಾರ

ಮೊದಲ ತರಗತಿ ಮುಗಿಯಿತು. ಇನ್ನೂ ಕಿವಿ ಬಿಸಿಯಿದೆ.

ಟ್ರೈನರ್ ಹೊರಗಿನವರು. ಎತ್ತರದ ಮನುಷ್ಯ, ಮೆತ್ತನೆ ದನಿ, ಕಾಲಿಗೆ ಬೂಟು ಹಾಕದೆ ಸಾಕ್ಸಿನಲ್ಲೇ ಓಡಾಡುತ್ತಾರೆ. ಕುರ್ಚಿಗಳನ್ನೆಲ್ಲ ದುಂಡಗೆ ಹಾಕಿಸಿದರು. "ಇದು ಸೇಫ್ ಸ್ಪೇಸ್. ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತೆ." ಎಲ್ಲರೂ ತಲೆಯಾಡಿಸಿದರು. ಈ ಆಫೀಸಿನಲ್ಲಿ ಆಡಿದ್ದು ಆಡಿದಲ್ಲೇ ಉಳಿದ ಉದಾಹರಣೆ ಒಂದಾದರೂ ಇದ್ದರೆ ನಾನು ನೋಡಿಲ್ಲ.

ಆಮೇಲೆ ಆಟ. ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಬೇಕು. ಅವರು ಒಂದೊಂದೇ ವಾಕ್ಯ ಓದುತ್ತಾರೆ. ನಿಮಗದು ನಿಜವಾದರೆ ಒಂದು ಹೆಜ್ಜೆ ಮುಂದೆ. 'ಈ ಆಫೀಸಿನ ರಜೆಗಳೇ ನನ್ನ ಮನೆಯ ಹಬ್ಬಗಳು.' ಎಲ್ಲರೂ ಮುಂದೆ. 'ಇಲ್ಲಿ ನಡೆಯುವ ಪ್ರಾರ್ಥನೆ ನನ್ನದು.' ಎಲ್ಲರೂ ಮುಂದೆ. 'ನಾನು ಇಲ್ಲಿ ಯಾಕಿದ್ದೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ.' 'ನನ್ನ ತಂದೆತಾಯಿಯ ಬಗ್ಗೆ ಇಲ್ಲಿ ಹೆಮ್ಮೆಯಿಂದ ಮಾತಾಡಬಲ್ಲೆ.' ಮುಂದೆ, ಮುಂದೆ. ನಾನು ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಅಲ್ಲೇ. ಅಪ್ಪ ಅಮ್ಮನ ಮಾತಿಗೆ ಹೆಜ್ಜೆ ಇಡಬಹುದಿತ್ತು, ಇಡಲಿಲ್ಲ. ಮಾವ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು — ಏನೋ ಹೊರಡಿಸಬೇಕು ಅಂತಿದ್ದಾರೆ.

ಪಕ್ಕದಲ್ಲಿ ನೋಡಿದರೆ ಗುಬ್ಬಿ. ಅವಳೂ ಗೋಡೆ ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಅವಳು ಇಲ್ಲಿನವಳೇ, ಚರ್ಚಿನ ಮಕ್ಕಳ ಹೋಮಿನಲ್ಲಿ ಬೆಳೆದವಳು, ಹಾಡಿನ ತಂಡದಲ್ಲಿ ಮುಂದಿನ ಸಾಲು. ಅವಳು ಯಾಕೆ ಹಿಂದೆ? ನನ್ನ ಮೇಲೆ ಕನಿಕರವೋ? ಇಲ್ಲ, ನನ್ನ ಮುಖ ಹತ್ತಿರದಿಂದ ನೋಡಿ ಬಾ ಎಂದು ಮೇಡಂ ನಿಲ್ಲಿಸಿದ್ದೋ?

ನಕ್ಕಳು ನನ್ನ ಕಡೆ. ನಾನು ನಗಲಿಲ್ಲ.

ಮನೆಯಲ್ಲಿ ಮಾವ — "ಸೇಫ್ ಸ್ಪೇಸಾ? ಸೇಫ್ ಅಂದ್ರೆ ಬೀರು. ಒಳಗೆ ಹಾಕಿ ಬೀಗ ಜಡೀತಾರೆ, ಅಷ್ಟೇ."

ಫೆಬ್ರವರಿ 10, ಸೋಮವಾರ

ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ಭಯವಾಗುತ್ತದೆ.

ಆರ್ಗನ್ ಮಾಸ್ಟರ್ ಹಾಡಿನ ಹಾಳೆಯಲ್ಲಿ ತಪ್ಪು ಹುಡುಕಲಿಲ್ಲ. ಮೇಡಂ ಎದುರಿಗೆ ಸಿಕ್ಕಾಗಲೆಲ್ಲ "ಆರಾಮಾ?" ಅನ್ನುತ್ತಾರೆ. ಬೆಳಗಿನ ಪ್ರಾರ್ಥನೆ ಇಲ್ಲ, ಅದರ ಬದಲು 'ಒಂದು ನಿಮಿಷ ಮೌನ'. ಯಾರು ಕೇಳಿದ್ದರು? ಮೌನ ಮುಗಿದ ಮೇಲೆ ಮಾಸ್ಟರ್ ಗೋಡೆಗೆ ಹೇಳುವಂತೆ ಹೇಳಿದರು — "ಯಾವ ಪುಣ್ಯಾತ್ಮರ ದಯೆಯೋ, ದೇವರ ಹತ್ರ ಮಾತಾಡೋಕೂ ಈಗ ಪರ್ಮಿಷನ್ ಬೇಕು."

ಟೀ ಫ್ಲಾಸ್ಕಿನ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಲೋಟ ಹಿಡಿದು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ಉಳಿಯುವುದು ವ್ಯಾನ್ ಡ್ರೈವರ್ ಮಾತ್ರ. ಅವನಿಗೆ ಟೀ ಮುಖ್ಯ.

"ಕಂಪ್ಲೇಂಟ್ ಹೋಗಿದೆಯಂತಲ್ಲ ಅಕ್ಕ ಮೇಲಕ್ಕೆ? ಅದಕ್ಕೇ ಈ ಕ್ಲಾಸ್ ಅಂತೆ."

"ಯಾರು ಕೊಟ್ಟಿದ್ದಂತೆ?"

ನನ್ನನ್ನೇ ನೋಡಿದ. ಆಮೇಲೆ ಲೋಟದೊಳಗೆ ನೋಡಿದ. "ಅದು ನನಗೆ ಹೆಂಗೆ ಗೊತ್ತಾಗುತ್ತೆ ಬಿಡಿ."

ಫೆಬ್ರವರಿ 12, ಬುಧವಾರ

ಟ್ರೈನರ್ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಿದ್ದಾರೆ. ಹೆಸರು ಎಲ್ಲೂ ಬರುವುದಿಲ್ಲವಂತೆ. ನನ್ನ ಸರದಿ ಮಧ್ಯಾಹ್ನ. "ಇಲ್ಲಿ ನಿಮಗೆ ಹೇಗನ್ಸುತ್ತೆ?" "ಚೆನ್ನಾಗಿದೆ." "ಏನಾದ್ರೂ ನೋವಾದದ್ದು?" "ಏನೂ ಇಲ್ಲ." "ಖಂಡಿತಾ?" "ಪ್ರಿಂಟರ್ ಹಳೇದಾಗಿದೆ."

ಮಾವ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ನಾನು ಹೊರಗೆ ಬಂದಾಗ ಬಾಗಿಲಲ್ಲಿ ಗುಬ್ಬಿ ಕಾಯುತ್ತಿದ್ದಳು. ಅವಳು ಒಳಗೆ ಹೋದವಳು ತುಂಬಾ ಹೊತ್ತು ಬರಲಿಲ್ಲ. ಅಷ್ಟು ಹೊತ್ತು ಏನು ಹೇಳುತ್ತಾಳೆ? ಯಾರ ಬಗ್ಗೆ?

ಫೆಬ್ರವರಿ 13, ಗುರುವಾರ

ಎರಡನೇ ತರಗತಿ.

ಟ್ರೈನರ್ ಬೋರ್ಡಿನ ಮೇಲೆ ಒಂದು ಮಾತು ತೋರಿಸಿದರು. ನಿಮ್ಮಲ್ಲೇ ಒಬ್ಬರು ಹೇಳಿದ್ದು, ಯಾರೆಂದು ಹುಡುಕಬೇಡಿ, ಮಾತನ್ನು ಮಾತ್ರ ಕೇಳಿಸಿಕೊಳ್ಳಿ ಎಂದು ಓದಿದರು.

'ನೀನು ನಮ್ಮ ಮನೆಯವಳೇ ಅಂತ ಎಲ್ಲರೂ ಹೇಳುತ್ತಾರೆ. ಮನೆಯವಳನ್ನು ಯಾರಾದರೂ ಬಂದವರಿಗೆಲ್ಲ ಕರೆದು ತೋರಿಸುತ್ತಾರಾ?'

ಹುಡುಕಬೇಡಿ ಅಂದಿದ್ದರಲ್ಲ, ಎಲ್ಲರೂ ನೇರವಾಗಿ ನನ್ನನ್ನೇ ನೋಡಿದರು.

ನೋಡದೆ ಏನು ಮಾಡುತ್ತಾರೆ? ಅತಿಥಿಗಳು ಬಂದಾಗ ಮೇಡಂ ತಪ್ಪದೆ ಪ್ರಿಂಟಿಂಗ್ ರೂಮಿಗೆ ಕರೆತರುತ್ತಾರೆ. "ಇವರು ನಮ್ಮವರಲ್ಲದಿದ್ದರೂ ನಮ್ಮವರೇ." ಅತಿಥಿಗಳು ಆಹಾ ಅನ್ನುತ್ತಾರೆ. ನಾನು ಟೋನರ್ ಕಪ್ಪು ಮೆತ್ತಿದ ಕೈ ಹಿಂದೆ ಬಚ್ಚಿಟ್ಟುಕೊಂಡು ಹಲ್ಲು ಬಿಡುತ್ತೇನೆ.

ಆದರೆ ಆ ಮಾತು ನಾನಾಡಿದ್ದಲ್ಲ. ನಾನು ಪ್ರಿಂಟರ್ ಹಳೇದಾಗಿದೆ ಅಂದಿದ್ದು!

ಬರುವ ದಾರಿಯಲ್ಲೆಲ್ಲ ಯೋಚಿಸಿದೆ. ಆಮೇಲೆ ಹೊಳೆಯಿತು. ಹಿಂದೊಮ್ಮೆ, ಅತಿಥಿಗಳು ಹೋದ ಮೇಲೆ, ಟೀ ಕುಡಿಯುತ್ತಾ ಒಬ್ಬಳ ಹತ್ತಿರ ಮಾತ್ರ ಅಂದಿದ್ದೆ — "ನಾನೇನು ಶೋಕೇಸ್ ಗೊಂಬೆನಾ, ಬಂದವರಿಗೆಲ್ಲ ತೋರ್ಸೋಕೆ?"

ಗುಬ್ಬಿಯ ಹತ್ತಿರ. ಅವಳು ಟೀ ನೆತ್ತಿಗೇರುವಷ್ಟು ನಕ್ಕಿದ್ದಳು.

ನನ್ನ ಮಾತನ್ನೇ ಒಯ್ದು ಒಪ್ಪಿಸಿದ್ದಾಳೆ. ಸ್ವಲ್ಪ ಚೆಂದ ಮಾಡಿ.

ಫೆಬ್ರವರಿ 14, ಶುಕ್ರವಾರ

ಫ್ರಂಟ್ ಡೆಸ್ಕ್ ದಾಟುವಾಗ ಗುಬ್ಬಿ "ಅಕ್ಕ" ಎಂದು ಕರೆದಳು. ಫೋನ್ ಬಂದವಳಂತೆ ಹೋದೆ. ಕೈಯಲ್ಲಿ ಫೋನೇ ಇರಲಿಲ್ಲ.

ಮೇಡಂ ಇಂಟರ್‌ಕಾಮ್‌ನಲ್ಲಿ — ಪ್ರಿಂಟಿಂಗ್ ಕೆಲಸ ಹೊರಗೆ ಕೊಟ್ಟರೆ ಹೇಗೆಂದು ಚರ್ಚ್ ಕಮಿಟಿಯಲ್ಲಿ ಮಾತು ಬಂದಿದೆಯಂತೆ. "ಇನ್ನೂ ಏನೂ ಡಿಸೈಡ್ ಆಗಿಲ್ಲ. ನಿನಗೆ ಗೊತ್ತಿರ್ಲಿ ಅಂತ ಹೇಳಿದೆ." ಈಗಲೇ ಯಾಕೆ ಗೊತ್ತಿರಬೇಕು?

ಫೆಬ್ರವರಿ 17, ಸೋಮವಾರ

ಪಾಸ್ಟರ್ ಕರೆಸಿದರು. ಅವರ ರೂಮಿನಲ್ಲಿ ಪುಸ್ತಕ ಮತ್ತು ಕೆಮ್ಮಿನ ಔಷಧಿಯ ವಾಸನೆ. ಕುರ್ಚಿ ತೋರಿಸಿದರು. ತಾವೇ ನೀರು ಬಗ್ಗಿಸಿ ಕೊಟ್ಟರು.

"ನೋವಾಗಿದ್ರೆ ನನಗೇ ಹೇಳ್ಬಹುದಿತ್ತಲ್ಲ ತಾಯಿ?"

"ಯಾವ ನೋವು ಪಾಸ್ಟರ್?"

"ಆ ಬೋರ್ಡ್ ಮೇಲಿನ ಮಾತು. ನಿಂದೇ ಅಂತ ಕಮಿಟಿಯವರೂ ಅಂದ್ಕೊಂಡಿದ್ದಾರೆ. ನನಗೆ ಸಿಟ್ಟಿಲ್ಲ. ಆದ್ರೆ ಈಗ ಪ್ರಿಂಟಿಂಗ್ ವಿಷಯ ಬೇರೆ ಬಂದಿದೆ. ಇಷ್ಟ ಇಲ್ಲದ ಕಡೆ ಅವಳನ್ನ ಯಾಕೆ ಹಿಡಿದಿಟ್ಕೋಬೇಕು ಅಂತಾರೆ ಕೆಲವರು."

ಮಗಳು ಪುಟ್ಟಿಯ ಸ್ಕೂಲು, ಮಾವನವರ ಮಾತ್ರೆ, ಇವರೊಬ್ಬರ ದುಡಿಮೆ — ಎಲ್ಲ ಒಟ್ಟಿಗೆ ಕಣ್ಣೆದುರು ಬಂತು.

"ಅದು ನಂದಲ್ಲ ಪಾಸ್ಟರ್. ಪುಟ್ಟಿ ಆಣೆ."

"ಮತ್ತೆ ಯಾರದು?"

ಕೇಳಿದ್ದು ಮೆತ್ತಗೆ. ಉತ್ತರ ಬೇಕೇಬೇಕೆಂದು ಒತ್ತಾಯ ಮಾಡಲಿಲ್ಲ. ನಾನೇ ಬಾಯಿಬಿಟ್ಟೆ. "ಗುಬ್ಬಿ. ಟ್ರೈನರ್ ಹತ್ರ ಅವಳೇ ಹೇಳಿರ್ಬೇಕು. ಅವಳು ಒಳಗೆ ತುಂಬಾ ಹೊತ್ತು ಇದ್ಲು."

ನನ್ನ ಹಳೆಯ ತಮಾಷೆಯನ್ನೇ ಅವಳು ಹೊತ್ತೊಯ್ದಿದ್ದಾಳೆ ಎಂದು ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು. "ಓ... ಗುಬ್ಬಿ," ಎಂದರು. ಎಲ್ಲೋ ಇಟ್ಟು ಮರೆತದ್ದು ಕೈಗೆ ಸಿಕ್ಕವರ ಹಾಗೆ.

ಎದ್ದು ಬಂದೆ. ಎದೆ ಹಗುರವಾಗಿತ್ತು. ನಿಜವಾಗಿ ಹಗುರವಾಗಿತ್ತು.

ಫೆಬ್ರವರಿ 18, ಮಂಗಳವಾರ

ಆರ್ಗನ್ ಮಾಸ್ಟರ್ ನನ್ನ ಪಾಲಿನ ಟೀ ತಂದುಕೊಟ್ಟರು. "ಏನೇನೋ ಅಂದ್ಕೊಂಡ್ಬಿಟ್ಟೆ ನಿನ್ನ ಬಗ್ಗೆ. ಮನಸ್ಸಲ್ಲಿ ಇಟ್ಕೋಬೇಡ ಕಣಮ್ಮ." ಹಾಡಿನ ಹಾಳೆಯಲ್ಲಿ ತಪ್ಪನ್ನೂ ಹುಡುಕಿದರು. ನೆಮ್ಮದಿ!

ಬೆಳಗ್ಗೆ ಪ್ರಾರ್ಥನೆ ವಾಪಸ್ ಬಂತು. ವ್ಯಾನ್ ಡ್ರೈವರ್ ಮೊದಲಿನ ಹಾಗೆ ತೂಕಡಿಸಿದ.

ಫೆಬ್ರವರಿ 26, ಬುಧವಾರ

ಬರೆದು ಬಹಳ ದಿನವಾಯಿತು. ಬರೆಯುವಂಥದ್ದೇನೂ ಇರಲಿಲ್ಲ ಅಂದುಕೊಂಡಿದ್ದೆ. ಮೂರನೇ ತರಗತಿ ಮುಂದಕ್ಕೆ ಹೋಗಿದೆ, ಟ್ರೈನರ್‌ಗೆ ಜ್ವರ.

ಫ್ರಂಟ್ ಡೆಸ್ಕಿನಲ್ಲಿ ಈಗ ಹಾಡಿನ ತಂಡದ ಇನ್ನೊಬ್ಬಾಕೆ. ಗುಬ್ಬಿಯನ್ನು ಕೆಳಗಿನ ಸ್ಟೋರಿಗೆ ಹಾಕಿದ್ದಾರೆ. ದಾನವಾಗಿ ಬಂದ ಹಳೆ ಬಟ್ಟೆ ವಿಂಗಡಿಸುವ ಕೆಲಸ. ಕಿಟಕಿ ಇಲ್ಲ, ಫೋನ್ ಇಲ್ಲ. ಯಾಕೆಂದು ಕೇಳಿದ್ದಕ್ಕೆ ಮೇಡಂ, "ಒಂದು ಚೇಂಜ್ ಇರ್ಲಿ ಅಂತ. ಬೆಳೆಸಿದ್ದು ನಾವು, ಓದಿಸಿದ್ದು ನಾವು. ಅವಳೇ ಹಿಂಗೆ ಹೇಳಿದ್ರೆ ಹೊರಗಿನವರು ಏನಂತಾರೆ ಹೇಳು?"

'ಹೊರಗಿನವರು' ಎಂದು ನನ್ನ ಹತ್ತಿರವೇ ಹೇಳುತ್ತಿದ್ದಾರೆ. ಅಂದರೆ ಈಗ ನಾನು ಒಳಗಿನವಳು.

ಊಟ ರುಚಿಸಲಿಲ್ಲ. ಇವರು "ಯಾಕೆ ಸಪ್ಪಗಿದ್ದೀಯ?" ಅಂದರು. ಹೇಳಿದೆ. ಕೇಳಿ ತಟ್ಟೆ ತೊಳೆಯಲು ಎದ್ದರು. ಮಾವ ಮಾತ್ರ, "ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ" ಎಂದರು. ಹಾಗೆಂದವರು ನನ್ನ ಮುಖ ನೋಡಲಿಲ್ಲ.

ಮಾರ್ಚ್ 4, ಮಂಗಳವಾರ

ಮಕ್ಕಳ ಹೋಮಿನ ವಾರ್ಷಿಕೋತ್ಸವದ ಬ್ರೋಷರ್ ಕೆಲಸ ಶುರು. ಮುಖಪುಟಕ್ಕೆ ಪ್ರತಿ ವರ್ಷ ಅದೇ ಫೋಟೋ — ಸ್ಲೇಟು ಹಿಡಿದ ಚಿಕ್ಕ ಹುಡುಗಿ, ಮುಖಕ್ಕಿಂತ ದೊಡ್ಡ ಕಣ್ಣು. "ಈ ಸಲ ಇನ್ನೂ ದೊಡ್ಡದಾಗಿ ಹಾಕು" ಎಂದು ಮೇಡಂ ಹೇಳಿದ್ದಾರೆ. ಆ ಹುಡುಗಿ ಗುಬ್ಬಿ. ಎಲ್ಲರಿಗೂ ಗೊತ್ತು. ವಾರ್ಷಿಕೋತ್ಸವದ ದಿನ ಅವಳನ್ನು ವೇದಿಕೆಗೂ ಹತ್ತಿಸುತ್ತಾರೆ. ಅಂದು ಹೀಗಿದ್ದಳು, ಇಂದು ಹೀಗಿದ್ದಾಳೆ. ಚಪ್ಪಾಳೆ.

ಫೋಟೋ ಹಳೆಯದು. ಕಂಪ್ಯೂಟರಿನಲ್ಲಿ ಗೆರೆ, ಚುಕ್ಕೆ ಒರೆಸುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳು. ಗುಬ್ಬಿ. ಮೈಮೇಲೆಲ್ಲ ಬಟ್ಟೆಯ ನೂಲು, ಕೂದಲಲ್ಲೂ.

ಪರದೆಯ ಮೇಲೆ ತನ್ನ ಮುಖ ನೋಡಿದಳು. "ಅದನ್ನ ತೆಗೀಬೇಕಾ ಅಕ್ಕ?"

"ಯಾವುದನ್ನ?"

"ಕಣ್ಣಿನ ಕೆಳಗೆ ಇರೋದು."

"ಧೂಳಿನ ಚುಕ್ಕೆ. ಸ್ಕ್ಯಾನ್ ಮಾಡುವಾಗ ಬಂದಿರೋದು."

"ಧೂಳಲ್ಲ ಅದು. ಅಳ್ತಿದ್ದೆ. ಸೇರಿಸಿದ ದಿನ ತೆಗ್ದಿದ್ದು."

ಪ್ರತಿ ವರ್ಷ ನಾನೇ ಒರೆಸಿದ್ದೇನೆ ಅದನ್ನು. ಎಷ್ಟು ಹುಷಾರಾಗಿ! ಮೌಸಿನಿಂದ ಕೈ ತೆಗೆದೆ.

ಅವಳು ಕಾಗದದ ಕಟ್ಟಿನ ಮೇಲೆ ಕೂತಳು. "ಬೋರ್ಡ್ ಮೇಲೆ ಬಂತಲ್ಲ ಮಾತು, ಅದು ನಂದು."

"ನಂದು ಅಂದ್ಕೊಂಡಿದ್ದೆ ನಾನು. ಆ ಶೋಕೇಸ್ ಗೊಂಬೆ ಮಾತು..."

"ಅಯ್ಯೋ, ಅದು ತಮಾಷೆ ಅಲ್ವಾ ಅಕ್ಕ? ನಿಮಗೆ ಮನೆ ಇದೆ. ಐದು ಗಂಟೆ ಆದ್ರೆ ಹೋಗ್ತೀರಿ. ನನಗೆ ಇದೇ ಮನೆ ಅಂತಾರೆ, ಬಂದವರಿಗೆ ತೋರ್ಸೋದೂ ಇಲ್ಲೇ." ದನಿ ಏರಲಿಲ್ಲ. ಫೋನಿನಲ್ಲಿ ಮಾತಾಡುವ ದನಿಯೇ. "ಅವತ್ತು ಹೆಜ್ಜೆ ಇಡೋ ಆಟದಲ್ಲಿ ನೀವೂ ಗೋಡೆ ಹತ್ರ ಇದ್ರಿ. ಸಮಾಧಾನ ಆಗಿತ್ತು ನಂಗೆ. ಸದ್ಯ, ಒಬ್ರಾದ್ರೂ ಇದ್ದಾರೆ ಅಂತ."

ಕನಿಕರ ಅಂದುಕೊಂಡಿದ್ದೆ. ಬೇಹುಗಾರಿಕೆ ಅಂದುಕೊಂಡಿದ್ದೆ.

"ಆ ಟ್ರೈನರ್ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು. ಹೋಗಿ ಪಾಸ್ಟರ್‌ಗೆ ಹೇಳಿದ್ದಾರೆ. ನಾಡಿದ್ದು ಎಲ್ಲರ ಮುಂದೆ 'ತಪ್ಪು ತಿಳುವಳಿಕೆ ಆಯ್ತು' ಅಂತ ನಾನು ಹೇಳ್ಬೇಕಂತೆ. ಹೇಳಿದ್ರೆ ಡೆಸ್ಕ್ ವಾಪಸ್ ಕೊಡ್ತಾರಂತೆ." ನೂಲು ಕೀಳುತ್ತಾ ಹೇಳಿದಳು. "ಹೇಳ್ಬಿಡ್ತೀನಿ. ಆದ್ರೆ ಆ ಮನುಷ್ಯನ ಮುಖ ನೋಡಿ ಒಂದು ಮಾತು ಕೇಳ್ಬೇಕು."

ಟ್ರೈನರ್ ಅಲ್ಲ. ಎರಡೇ ಮಾತು ಸಾಕಿತ್ತು. ನಾನು, ಗುಬ್ಬಿ.

ಬಾಯಿ ತೆರೆದೆ. "ಟೀ ತರ್ಲಾ?" ಎಂದೆ.

ಮಾರ್ಚ್ 5, ಬುಧವಾರ

ನಾಳೆ ಹೊಟ್ಟೆನೋವು ಎಂದು ಮನೆಯಲ್ಲಿದ್ದುಬಿಟ್ಟರೆ? ಅವಳು ತಪ್ಪಾಯಿತು ಅನ್ನುತ್ತಾಳೆ, ಡೆಸ್ಕ್ ಸಿಗುತ್ತದೆ. ನನ್ನ ರೂಮೂ ಉಳಿಯುತ್ತದೆ. ಟ್ರೈನರ್ ಹೇಗೂ ಹೊರಗಿನವರು, ನಾಡಿದ್ದು ಇನ್ನೊಂದು ಆಫೀಸು.

ಹೊರಗಿನವರು. ಎಷ್ಟು ಬೇಗ ಕಲಿತೆ ಈ ಮಾತು.

ಮಾರ್ಚ್ 6, ಗುರುವಾರ. ಸಂಜೆ

ಹೋದೆ.

ಅದೇ ದುಂಡಗಿನ ಕುರ್ಚಿಗಳು. ಟ್ರೈನರ್ ಜ್ವರದಿಂದೆದ್ದು ಬಿಳಿಚಿದ್ದರು. ಗುಬ್ಬಿ ನನ್ನ ಎದುರು. ಪಾಸ್ಟರ್ ಬಾಗಿಲ ಬಳಿ. ಮೇಡಂ ಶುರು ಮಾಡಿದರು — ನಮ್ಮಲ್ಲಿ ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿತ್ತು, ನಮ್ಮ ಗುಬ್ಬಿ ಎರಡು ಮಾತು ಆಡುತ್ತಾಳೆ.

ಗುಬ್ಬಿ ಎದ್ದು ನಿಂತಳು. ಟ್ರೈನರ್ ಕಡೆ ತಿರುಗಿದಳು. "ನೀವು ಯಾರಿಗೂ ಹೇಳಲ್ಲ ಅಂದಿದ್ರಿ."

"ನಾನು ಹೇಳಿಲ್ಲಮ್ಮ."

"ಮತ್ತೆ ಇವರಿಗೆಲ್ಲ ಹೆಂಗೆ ಗೊತ್ತಾಯ್ತು?"

"ನಿಜವಾಗ್ಲೂ ನಾನು ಹೇಳಿಲ್ಲ."

"ಸುಳ್ಳು," ಅಂದಳು ಗುಬ್ಬಿ. ಅವಳು ಸಿಟ್ಟಾದದ್ದನ್ನು ನಾನು ಮೊದಲು ನೋಡಿದ್ದು ಇವತ್ತೇ.

ಪಾಸ್ಟರ್ ಕಡೆ ನೋಡಿದೆ. ಅವರಿಗೆ ಗೊತ್ತು. ಒಂದು ಮಾತು ಹೇಳಬಹುದಿತ್ತು. ಅವರು ನೆಲ ನೋಡುತ್ತಿದ್ದರು. ನನ್ನನ್ನು ಕಾಪಾಡುತ್ತಿದ್ದರೋ, ತಮ್ಮನ್ನೇ ಕಾಪಾಡಿಕೊಳ್ಳುತ್ತಿದ್ದರೋ ಗೊತ್ತಾಗಲಿಲ್ಲ. ಇಲ್ಲ, ನಾನೇ ಹೇಳಲೆಂದು ಕಾಯುತ್ತಿದ್ದರೋ.

ಎದ್ದದ್ದು ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಗೊತ್ತಾಯಿತು.

"ಟ್ರೈನರ್ ಹೇಳಿಲ್ಲ. ನಾನು ಹೇಳಿದ್ದು. ಪಾಸ್ಟರ್ ರೂಮಲ್ಲಿ, ನನ್ನ ಕೆಲಸ ಎಲ್ಲಿ ಹೋಗುತ್ತೋ ಅಂತ."

ಮೇಡಂ "ಕೂತ್ಕೋ, ಆಮೇಲೆ ಮಾತಾಡೋಣ" ಎಂದರು. ಕೂರುವುದಕ್ಕೆ ಕುರ್ಚಿ ಬಿದ್ದಿತ್ತಲ್ಲ. ನಿಂತೇ ಹೇಳಿದೆ — "ಗುಬ್ಬಿ ಹೇಳಿದ್ದು ತಪ್ಪು ತಿಳುವಳಿಕೆ ಅಲ್ಲ ಮೇಡಂ. ಅವಳನ್ನ ತೋರಿಸ್ತೀರಿ. ನನ್ನನ್ನೂ ತೋರಿಸ್ತೀರಿ. ನಾವಿಬ್ರೂ ಹಲ್ಲು ಕಿರೀತೀವಿ, ಅದಕ್ಕೇ ನಿಮಗೆ ಗೊತ್ತಾಗಿಲ್ಲ."

ಆರ್ಗನ್ ಮಾಸ್ಟರ್, "ಇಷ್ಟು ವರ್ಷ ಉಂಡ ಮನೆ ಇದು" ಎಂದರು. ಯಾರಿಗೆ ಅಂದರೋ, ಇಬ್ಬರಿಗೂ ತಗಲಿತು.

ಆಗ ವ್ಯಾನ್ ಡ್ರೈವರ್ ಬಾಯಿಬಿಟ್ಟ. "ನನ್ನನ್ನ ಮಾತ್ರ ಇವತ್ತಿಗೂ ಯಾರೂ ಯಾರಿಗೂ ತೋರ್ಸೇ ಇಲ್ಲ." ತಮಾಷೆಗೆ ಹೇಳಿದನೋ ಬೇಸರಕ್ಕೋ. ಒಬ್ಬಿಬ್ಬರು ನಕ್ಕು, ನಗಬಾರದಿತ್ತೇನೋ ಎಂದು ನಿಲ್ಲಿಸಿದರು.

ಗುಬ್ಬಿ ನಗಲಿಲ್ಲ. ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಪರಿಚಯವಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಟ್ರೈನರ್ ಬಳಿ ಹೋಗಿ ಏನೋ ಮೆಲ್ಲಗೆ ಹೇಳಿ ಹೊರಟುಹೋದಳು. ತಪ್ಪಾಯಿತು ಅನ್ನಲಿಲ್ಲ. ಮೇಡಂ ಅವಳಿಂದ ಹೇಳಿಸಬೇಕೆಂದಿದ್ದ ಮಾತು ಹಾಗೇ ಉಳಿಯಿತು.

ಮಾರ್ಚ್ 11, ಮಂಗಳವಾರ

ಈಗ ನಿಜವಾಗಿ ಯಾರೂ ಮಾತಾಡಿಸುವುದಿಲ್ಲ. ಮೊದಲು ಸುಮ್ಮನೆ ಅನ್ನಿಸುತ್ತಿತ್ತೇನೋ. ಈಗಿನದು ಬೇರೆ. ಮೇಡಂ ಕೆಲಸವನ್ನೆಲ್ಲ ವ್ಯಾನ್ ಡ್ರೈವರ್ ಕೈಯಲ್ಲಿ ಕಳಿಸುತ್ತಾರೆ.

ಬ್ರೋಷರ್ ಮುಖಪುಟಕ್ಕೆ ಹೋಮಿನ ಕಟ್ಟಡದ ಫೋಟೋ ಹಾಕಿದೆ. ಯಾರನ್ನೂ ಕೇಳಲಿಲ್ಲ. ಪ್ರೂಫ್ ಪಾಸ್ಟರ್‌ಗೆ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಗುಬ್ಬಿಯ ಆ ಹಳೇ ಫೋಟೋ ತೆಗೆದಿದ್ದು ನಾನೇ," ಎಂದರು. "ಅಳು ನಿಲ್ಲಿಸ್ಲಿ ಅಂತ ಸ್ಲೇಟ್ ಕೊಟ್ಟಿದ್ದೆ."

ಸಹಿ ಹಾಕಿದರು. ನನ್ನ ಮುಖ ನೋಡದೆ ಪ್ರೂಫ್ ವಾಪಸ್ ಕೊಟ್ಟರು. ಇದು ಪಶ್ಚಾತ್ತಾಪವೋ, ಇಲ್ಲ ಗಲಾಟೆ ಬೇಡವೆಂಬ ಬುದ್ಧಿವಂತಿಕೆಯೋ? ಮನೆಯಲ್ಲಿ ಇವರು ಹೇಳುತ್ತಾರೆ, "ಸಹಿ ಆಯ್ತಲ್ಲ, ಬಿಡು." ಬಿಡುವುದು ಹೇಗೆಂದು ನಮ್ಮ ಮನೆಯಲ್ಲಿ ಇವರೊಬ್ಬರಿಗೇ ಗೊತ್ತಿರುವುದು.

ಮಾರ್ಚ್ 14, ಶುಕ್ರವಾರ

ಗುಬ್ಬಿ ಡೆಸ್ಕಿಗೆ ವಾಪಸ್ ಬಂದಿದ್ದಾಳೆ. ಪಾಸ್ಟರ್ ಹೇಳಿ ಮಾಡಿಸಿದ್ದಂತೆ.

ಇವರ ಲಿಫ್ಟ್ ಕಂಪನಿಯಲ್ಲಿ ರಿಸೆಪ್ಶನ್ ಕೆಲಸ ಖಾಲಿ ಇದೆ. ಒಳ್ಳೆಯ ಜಾಗ. ಓಡಿಹೋಗಿ ಅವಳಿಗೆ ಹೇಳಿದೆ. ನನಗೇ ಖುಷಿ, ಏನೋ ತೀರಿಸಿದ ಹಾಗೆ.

ರಿಸೀವರ್ ಕೆಳಗಿಟ್ಟು ನನ್ನನ್ನು ಅಳೆದಳು. "ಯಾಕೆ ಅಕ್ಕ? ನಾನು ಇಲ್ಲಿಂದ ಹೋದ್ರೆ ನಿಮಗೆ ಸಲೀಸಾ?"

"ಅಯ್ಯೋ, ಹಂಗಲ್ಲ ಗುಬ್ಬಿ..."

"ಇರ್ಬಹುದು," ಎಂದಳು. ಫೋನ್ ಬಂತು. ನಗುನಗುತ್ತಾ ಎತ್ತಿಕೊಂಡಳು.

ಮಾರ್ಚ್ 19, ಬುಧವಾರ. ಮಧ್ಯಾಹ್ನ

ಮೇಡಂ ಇಂಟರ್‌ಕಾಮ್‌ನಲ್ಲಿ ಕರೆದರು. ಎಷ್ಟೋ ದಿನದ ಮೇಲೆ. ದನಿ ಜೇನಿನಂತಿತ್ತು. ವಾರ್ಷಿಕೋತ್ಸವಕ್ಕೆ ಗುಬ್ಬಿ ವೇದಿಕೆ ಹತ್ತುವುದಿಲ್ಲ ಅನ್ನುತ್ತಿದ್ದಾಳಂತೆ. "ನೀನು ಹೇಳಿದ್ರೆ ಕೇಳ್ತಾಳೆ. ಸ್ವಲ್ಪ ಒಪ್ಪಿಸಮ್ಮ. ಪ್ರಿಂಟಿಂಗ್ ವಿಷಯ ಕೂಡ ಈ ವಾರವೇ ಕಮಿಟಿಗೆ ಬರ್ತಿದೆ."

ಎರಡೂ ಮಾತು ಒಂದೇ ಉಸಿರಿನಲ್ಲಿ.

ಡೆಸ್ಕಿಗೆ ಹೋದೆ. ಗುಬ್ಬಿ ಒಬ್ಬಳೇ ಇದ್ದಳು, ಬುತ್ತಿ ಬಿಚ್ಚುತ್ತಾ.

"ನಿನ್ನನ್ನ ಒಪ್ಪಿಸು ಅಂತ ನನ್ನನ್ನ ಕಳಿಸಿದ್ದಾರೆ. ಒಪ್ಪಿಸಲ್ಲ ಅಂತ ಹೇಳೋಕೆ ಬಂದೆ."

ತಲೆ ಎತ್ತದೆ, "ಹಂಗೆ ಹೇಳು ಅಂತಾನೂ ಅವರೇ ಹೇಳಿಕೊಟ್ಟಿರ್ಬಹುದು."

ನನಗೆ ನಗು ಬಂತು. ನಮ್ಮ ಮಾವನವರು ಹೇಳುವ ಮಾತು ಅದು! ಹಾಗೆಂದು ಹೇಳಿದೆ. ಅವಳಿಗೆ ನಗು ಬರಲಿಲ್ಲ. ಆಮೇಲೆ ಬಂತು, ಮೂಗಿನಲ್ಲಿ ಸ್ವಲ್ಪ. ಪಕ್ಕದ ಸ್ಟೂಲಿನ ಮೇಲಿದ್ದ ಚೀಲ ತೆಗೆದು ಕೆಳಗಿಟ್ಟಳು. ಕೂರಿ ಅನ್ನಲಿಲ್ಲ. ಕೂತೆ.

ಅವಳು ಉಂಡಳು, ನಾನು ರಸ್ತೆ ನೋಡಿದೆ. ಬುತ್ತಿ ಮುಚ್ಚಿ ಇಟ್ಟು ಕೇಳಿದಳು.

"ಒಂದು ಕೇಳ್ಲಾ ಅಕ್ಕ? ಅವತ್ತು ಪಾಸ್ಟರ್ ಮುಂದೆ ನನ್ನ ಹೆಸರು ಹೇಳುವಾಗ, ಹೇಳೋದಕ್ಕೆ ಮುಂಚೆ... ಇವಳಿಗೆ ಏನಾಗುತ್ತೋ ಅಂತ ಒಂದ್ಸಲ ಆದ್ರೂ ಅನ್ಸಿತ್ತಾ?"

"ಅನ್ಸಿತ್ತು," ಎಂದೆ.

ತಲೆಯಾಡಿಸಿದಳು. ನಂಬಿದಳೋ ಇಲ್ಲವೋ. ಎದ್ದು ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಓದುವವರು ಯಾರೂ ಇಲ್ಲ, ಇಲ್ಲಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಅವತ್ತು ಆ ಕುರ್ಚಿಯಲ್ಲಿ ಕೂತು, ಪಾಸ್ಟರ್ ಕೊಟ್ಟ ನೀರು ಕುಡಿದು, ಅವಳ ಹೆಸರು ಬಾಯಿಗೆ ಬಂದಾಗ ನನಗೆ —